ಹಸಿವಿಲ್ಲದ ಊಟ: ಮರೆತುಹೋದ ಒಂದು ತಪದ ವಿಚಾರ

ದಶಲಕ್ಷಣ ಪರ್ವ ಮುಗಿದ ಮೇಲೆ ಉಪವಾಸ ಮಾಡಿದವರ ಹೆಸರುಗಳನ್ನು ಬಸದಿಯ ಸಭೆಯಲ್ಲಿ ಓದಿ ಹೇಳುವ ಪದ್ಧತಿ ಅನೇಕ ಊರುಗಳಲ್ಲಿದೆ. ಹತ್ತು ದಿನ ನಿರಾಹಾರವಿದ್ದವರಿಗೆ ಶಾಲು ಮತ್ತು ಶ್ರೀಫಲ, ಐದು ದಿನದವರಿಗೆ ಹಾರ, ಒಂದೆರಡು ದಿನದವರಿಗೆ ಚಪ್ಪಾಳೆ. ಇದು ತಪ್ಪೆಂದು ಯಾರೂ ಹೇಳಲಾರರು. ಆದರೆ ಅದೇ ಹತ್ತು ದಿನಗಳಲ್ಲಿ, ಮೂರು ರೊಟ್ಟಿಯ ಹಸಿವಿದ್ದಾಗ ಎರಡಕ್ಕೇ ಎದ್ದು ಕೈ ತೊಳೆದ ಶ್ರಾವಿಕೆಯ ಹೆಸರು ಆ ಯಾದಿಯಲ್ಲಿ ಬರುವುದಿಲ್ಲ. ಹಸಿವೇ ಇಲ್ಲದ ಹೊತ್ತಿನಲ್ಲಿ ಮುಂದಿಟ್ಟ ತಟ್ಟೆಯನ್ನು ವಿನಯದಿಂದ ಹಿಂದಕ್ಕೆ ಸರಿಸಿದವನ ಹೆಸರೂ ಬರುವುದಿಲ್ಲ. ಬರುವಂತೆಯೂ ಇಲ್ಲ, ಏಕೆಂದರೆ ಅದು ಕಾಣುವ ತಪವಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಬಾಹ್ಯ ತಪಗಳನ್ನು ಎಣಿಸುವಾಗ ಅನಶನದ ಮಗ್ಗುಲಲ್ಲೇ, ಎರಡನೆಯದಾಗಿ, ಅವಮೌದರ್ಯವನ್ನು ಇರಿಸಿದೆ. ಹೊಟ್ಟೆ ತುಂಬುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸುವ ಈ ಸಾಧನೆಗೆ ಊನೋದರವೆಂಬ ಹೆಸರೂ ಉಂಟು. ಮೊದಲನೆಯ ತಪ ಸಮಾಜದಲ್ಲಿ ಉತ್ಸವವಾಗಿ ಬೆಳೆದಿದೆ. ಎರಡನೆಯದು ಪಾಠಶಾಲೆಯ ಮಕ್ಕಳು ಕಂಠಪಾಠ ಮಾಡುವ ಒಂದು ಶಬ್ದವಾಗಿ ಉಳಿದಿದೆ.

ಶಾಸ್ತ್ರಕಾರರು ಈ ತಪಕ್ಕೆ ಒಂದು ಅಳತೆಯನ್ನೂ ಕೊಟ್ಟಿದ್ದಾರೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯರದು 28 ತುತ್ತು ಎಂಬ ಲೆಕ್ಕ ಭಗವತೀ ಆರಾಧನೆಯಲ್ಲಿದೆ. ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯವೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದರ ಪ್ರಯೋಜನವನ್ನು ವಿವರಿಸುವಾಗ ಸ್ವರ್ಗದ ಮಾತು ಎತ್ತದಿರುವುದು ಗಮನಾರ್ಹ. ಸಂಯಮದಲ್ಲಿ ಎಚ್ಚರ, ದೇಹದೋಷಗಳ ಶಮನ, ಸಂತೋಷ, ಸ್ವಾಧ್ಯಾಯ ಇವು ಸುಖವಾಗಿ ಸಾಗಲೆಂದು ಈ ತಪವೆಂದು ಅವರ ಅಭಿಪ್ರಾಯ. ಮಧ್ಯಾಹ್ನದ ಭಾರೀ ಊಟದ ನಂತರ ಸ್ವಾಧ್ಯಾಯಕ್ಕೆ ಕುಳಿತು ಗ್ರಂಥದ ಮೇಲೆಯೇ ತೂಕಡಿಸಿದವರಿಗೆ ಈ ಮಾತಿಗೆ ಬೇರೆ ಟೀಕೆ ಬೇಕಿಲ್ಲ.

ಈ ವಿಚಾರವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನೆಲದ ಮೇಲಿಟ್ಟು ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಇದು ಉಣಿಸುವವರ ನಾಡು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ದೂರದ ನಾಡುಗಳಿಂದ ಬಂದು ನೆಲೆಸಿದ ವಿದ್ಯಾರ್ಥಿಗಳ ಶಾಲೆಯ ನಿರ್ವಹಣೆಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ದಾಸೋಹವೆಂಬ ಮಾತಿಗೆ ಅಲ್ಲಿ ವಿವರಣೆ ಕೇಳುವವರಿಲ್ಲ. ಮತ್ತೆ, ಇದು ಬರದ ನಾಡೂ ಹೌದು. ಡೋಣಿ ನದಿಯ ಎರೆಭೂಮಿ ಬೆಳೆದ ವರ್ಷ ಓಣಿಯೆಲ್ಲ ಜೋಳ ಎಂಬರ್ಥದ ಮಾತು ಇಲ್ಲಿ ರೂಢಿಯಲ್ಲಿದೆ. ಬೆಳೆಯದ ವರ್ಷದ ಮಾತನ್ನು ಯಾರೂ ಹೇಳಬೇಕಾಗಿಲ್ಲ. ಈ ನಾಲ್ಕೂ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1876ರಿಂದ 1878ರವರೆಗಿನ ಮಹಾಕ್ಷಾಮ ಮುಂಬಯಿ ಪ್ರಾಂತದಲ್ಲಿ ಅತ್ಯಂತ ಕಠಿಣವಾಗಿ ಹೊಡೆದ ಪ್ರದೇಶಗಳಲ್ಲಿ ಇದೂ ಒಂದಾಗಿತ್ತು. ಅದಕ್ಕೂ ಹಿಂದಿನ, 18ನೆಯ ಶತಮಾನದ ಕೊನೆಯ ಬರಕ್ಕೆ ಜನ ಇಟ್ಟ ಹೆಸರು ಡೋಗಿ ಬರ. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರು.

ಅಂಥ ನೆಲದಲ್ಲಿ ಬಂದವರಿಗೆ ಒತ್ತಾಯ ಮಾಡಿ ಬಡಿಸುವುದು ಬರಿಯ ಶಿಷ್ಟಾಚಾರವಲ್ಲ. ಉಂಡವನು ನಾಳೆ ಉಣ್ಣುವನೋ ಇಲ್ಲವೋ ಎಂಬ ಸಂದೇಹದಲ್ಲಿ ಹುಟ್ಟಿದ ಕರುಣೆ ಅದು. ಆದ್ದರಿಂದಲೇ ಅದನ್ನು ಹಗುರವಾಗಿ ಖಂಡಿಸುವುದು ಅನ್ಯಾಯ. ಆದರೆ ಕಾರಣ ಹೋದ ಮೇಲೂ ರೂಢಿ ಉಳಿಯುತ್ತದೆ. ಸಂಬಂಧಿಕರ ಮನೆಗೆ ಇಂಡಿಗೋ ಸಿಂದಗಿಗೋ ಬಂದ ಗೃಹಸ್ಥನೊಬ್ಬನ ದಿನವನ್ನು ಊಹಿಸಿಕೊಂಡರೆ ಸಾಕು. ಮೊದಲ ಮನೆಯಲ್ಲಿ ಚಹಾದ ಜೊತೆಗೆ ಅವಲಕ್ಕಿ ಚೂಡಾ. ಎರಡನೆಯ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಳ್ಳುಳ್ಳಿಯಿಲ್ಲದ ಶೇಂಗಾ ಹಿಂಡಿ, ಕೆನೆಮೊಸರು. ಮೂರನೆಯ ಮನೆಯವರು ಊಟಕ್ಕೆ ಕರೆದದ್ದಲ್ಲ, ‘ಸುಮ್ಮನ ಬಂದು ಹೋಗ್ರಿ’ ಎಂದವರು. ಅಲ್ಲಿ ಮಾದಲಿ ಮತ್ತು ಹಾಲು ಸಿದ್ಧವಾಗಿರುತ್ತದೆ. ಬೇಡವೆಂದರೆ ‘ಯಾಕ್ರೀ, ನಮ್ಮ ಮನೀದು ಸೇರಂಗಿಲ್ಲೇನು? ಅವ್ರ ಮನ್ಯಾಗ ಉಂಡೀರಿ, ನಮ್ಮಲ್ಲಿ ಒಂದು ತುತ್ತಿಗೂ ಎರವೇನು?’ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗೆ ಹಸಿವಿಲ್ಲವೆಂಬ ಉತ್ತರ ಉತ್ತರವೇ ಅಲ್ಲ; ಅದು ಅವಮಾನವಾಗಿ ಕೇಳಿಸುತ್ತದೆ. ಉಣ್ಣುವವನು ಆಗ ತನ್ನ ಹೊಟ್ಟೆಗಾಗಿ ಉಣ್ಣದೆ ಎದುರಿನವರ ಮುಖಕ್ಕಾಗಿ ಉಣ್ಣುತ್ತಾನೆ.

ಹಸಿವಿಲ್ಲದೆ ಮನುಷ್ಯ ಏಕೆ ಉಣ್ಣುತ್ತಾನೆಂಬ ಪ್ರಶ್ನೆಯನ್ನು ಕೇಳಿದವರು ಈ ಕಾಲದ ವೈದ್ಯರೇ ಮೊದಲಿಗರಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ, ಚಾವುಂಡರಾಯನ ನಿಮಿತ್ತವಾಗಿ ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಜೀವಕಾಂಡದಲ್ಲಿ ಆಹಾರ ಸಂಜ್ಞೆ, ಎಂದರೆ ಉಣ್ಣಬೇಕೆಂಬ ಬಯಕೆ, ಹುಟ್ಟುವ ಕಾರಣಗಳನ್ನು ನಾಲ್ಕಾಗಿ ಬಿಡಿಸಿದ್ದಾರೆ. ಆಹಾರವನ್ನು ನೋಡುವುದು ಒಂದು. ಅದರ ಕಡೆಗೆ ಚಿತ್ತದ ಉಪಯೋಗ ಹರಿಯುವುದು, ನೆನೆಯುವುದು, ಇನ್ನೊಂದು. ಹೊಟ್ಟೆ ಬರಿದಾಗಿರುವುದು ಮೂರನೆಯದು. ಅಸಾತಾವೇದನೀಯ ಕರ್ಮದ ಉದೀರಣೆ ನಾಲ್ಕನೆಯದು. ಇದು ಒಳಗಿನ ಕಾರಣ, ಉಳಿದವು ಹೊರಗಿನವು. ಪಾಠಶಾಲೆಗಳಲ್ಲಿ ಈ ಗಾಥೆಯನ್ನು ಸಂಜ್ಞಾ ಪ್ರರೂಪಣೆಯ ಒಂದು ಅಂಶವಾಗಿ ಕಲಿಸಿ ಮುಂದೆ ಸಾಗುತ್ತಾರೆ. ಸ್ವಲ್ಪ ನಿಂತು ನೋಡಿದರೆ ಅದರಲ್ಲಿ ಒಂದು ಬೆರಗಿನ ಸಂಗತಿಯಿದೆ. ಹೊರಗಿನ ಮೂರು ಕಾರಣಗಳಲ್ಲಿ ಬರಿದಾದ ಹೊಟ್ಟೆ ಒಂದು ಮಾತ್ರ. ಕಣ್ಣು ಮತ್ತು ನೆನಪು ಹೊಟ್ಟೆಯ ಅಪ್ಪಣೆಯಿಲ್ಲದೆಯೇ ಬಯಕೆಯನ್ನು ಹುಟ್ಟಿಸಬಲ್ಲವು. ಆಹಾರ ಸಂಜ್ಞೆಯೂ ಹಸಿವೂ ಒಂದೇ ಅಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಬೇರ್ಪಡಿಸಿದ್ದನ್ನು ನಿತ್ಯದ ಮಾತಿನಲ್ಲಿ ಒಂದಾಗಿ ಬೆರೆಸಲಾಗಿದೆ. ‘ಹಸಿವಾಗಿದೆ’ ಎಂದು ಹೇಳುವ ನಾಲಿಗೆ ಅನೇಕ ಸಲ ಹೇಳಬೇಕಾದದ್ದು ‘ನೋಡಿದೆ’ ಎಂದು, ಇಲ್ಲವೆ ‘ನೆನಪಾಯಿತು’ ಎಂದು.

ಆಧುನಿಕ ಶರೀರಶಾಸ್ತ್ರ ಈ ಮಾತಿಗೆ ತನ್ನದೇ ಭಾಷೆಯಲ್ಲಿ ಹತ್ತಿರ ಬಂದಿದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದ ಘ್ರೆಲಿನ್ ಎಂಬ ರಸಸ್ರಾವ ಜಠರದಲ್ಲಿ ಹುಟ್ಟಿ ಮಿದುಳಿಗೆ ಹಸಿವಿನ ಸೂಚನೆ ಕೊಡುತ್ತದೆ. ದಿನವೂ ಉಣ್ಣುವ ಹೊತ್ತು ಸಮೀಪಿಸಿದಂತೆ ಅದು ರಕ್ತದಲ್ಲಿ ಏರುತ್ತದೆ. ಪ್ರತಿದಿನ ನಾಲ್ಕು ಗಂಟೆಗೆ ಚಹಾ ಚೂಡಾ ರೂಢಿಯಾದವನಿಗೆ ನಾಲ್ಕು ಗಂಟೆಗೆ ಹೊಟ್ಟೆ ಕರೆಯುತ್ತದೆ. ಆ ಕರೆ ಸುಳ್ಳಲ್ಲ, ಆದರೆ ಅದನ್ನು ಕಲಿಸಿದವನು ಅವನೇ. ಕಲಿಸಿದ್ದನ್ನು ಮರೆಸಲೂ ಬರುತ್ತದೆಂಬುದೇ ಈ ಸಂಗತಿಯಲ್ಲಿರುವ ಸಮಾಧಾನ.

ಹಸಿವು ಮತ್ತು ಊಟದ ಸಂಬಂಧವನ್ನು ಇಷ್ಟು ನೇರವಾಗಿ ಎತ್ತಿಕೊಂಡ ಕಥೆ ಜೈನ ಪರಂಪರೆಯಲ್ಲಿ ಸಮಂತಭದ್ರರ ಭಸ್ಮಕ ವ್ಯಾಧಿಯ ಕಥೆಯಂತೆ ಮತ್ತೊಂದಿಲ್ಲ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ, ಶಕ 1050ರದು (ಕ್ರಿ.ಶ. 1128-29), ಈ ವ್ಯಾಧಿಯನ್ನು ಸೂಚಿಸುತ್ತದೆ, ನಂತರದ ಕಥಾಕೋಶಗಳೂ 19ನೆಯ ಶತಮಾನದ ದೇವಚಂದ್ರನ ರಾಜಾವಳೀಕಥೆಯೂ ಅದನ್ನು ವಿಸ್ತರಿಸಿವೆ. ನಡೆದ ಊರು ಕಾಂಚಿಯೆಂದು ಒಂದು ಪಾಠ, ವಾರಾಣಸಿಯೆಂದು ಮತ್ತೊಂದು. ಉಂಡದ್ದೆಲ್ಲ ಬೂದಿಯಾಗುವ ರೋಗ ಮುನಿಗೆ ತಗಲುತ್ತದೆ. ಮುನಿಯ ಆಹಾರ ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ. ಆ ವ್ರತದಲ್ಲಿದ್ದು ಈ ಬೆಂಕಿಯನ್ನು ತಣಿಸಲಾಗದು. ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡುತ್ತಾರೆ. ಗುರುಗಳು ಕೊಡುವುದಿಲ್ಲ, ಮುನಿವೇಷವನ್ನು ಬಿಟ್ಟು ಮೊದಲು ರೋಗವನ್ನು ಕಳೆದುಕೊಳ್ಳಲು ಹೇಳುತ್ತಾರೆ. ಸಮಂತಭದ್ರರು ರಾಜನೊಬ್ಬನ ದೇವಾಲಯಕ್ಕೆ ಬಂದು, ಅಲ್ಲಿಯ ಅಪಾರ ನೈವೇದ್ಯವನ್ನು ದೇವರೇ ಸ್ವೀಕರಿಸುವಂತೆ ಮಾಡುವೆನೆಂದು ಹೇಳಿ, ಬಾಗಿಲು ಮುಚ್ಚಿಕೊಂಡು ದಿನವೂ ತಾವೇ ಉಣ್ಣುತ್ತಾರೆ. ದಿನ ಕಳೆದಂತೆ ವ್ಯಾಧಿ ಇಳಿಯುತ್ತದೆ. ನೈವೇದ್ಯ ಉಳಿಯತೊಡಗುತ್ತದೆ. ಆ ಉಳಿಕೆಯಿಂದಲೇ ರಾಜನಿಗೆ ಸಂಶಯ ಹುಟ್ಟಿ, ಗುಟ್ಟು ಹೊರಬೀಳುತ್ತದೆ.

ಪ್ರವಚನಕಾರರು ಈ ಕಥೆಯನ್ನು ಹೇಳುವಾಗ ಎಲ್ಲರೂ ಕಾಯುವುದು ಮುಂದಿನ ಭಾಗಕ್ಕೆ: ಸ್ವಯಂಭೂಸ್ತೋತ್ರ, ಚಂದ್ರಪ್ರಭ ತೀರ್ಥಂಕರರ ಬಿಂಬ ಕಾಣಿಸಿಕೊಂಡ ಪವಾಡ, ರಾಜನ ಮನಃಪರಿವರ್ತನೆ. ಆ ಭಾಗವನ್ನು ನೆರೆಯ ಮತದವರ ಎದುರು ಗೆಲುವಿನ ಕಥೆಯಾಗಿ ಹೇಳುವ ಉತ್ಸಾಹವೂ ಕೆಲವೆಡೆ ಕಾಣುತ್ತದೆ. ಬಸವಣ್ಣನವರ ಹುಟ್ಟೂರಿನ ನೆರೆಹೊರೆಯಲ್ಲಿ ಬಾಳುವ ಜನಕ್ಕೆ ಅದು ಶೋಭಿಸುವುದಿಲ್ಲ. ಕಥೆಯ ನೀತಿಯ ಗಂಟು ಅದಕ್ಕೂ ಮೊದಲೇ ಇದೆ. ಉಳಿದ ನೈವೇದ್ಯವನ್ನು ಉಂಡುಬಿಟ್ಟಿದ್ದರೆ ಸಮಂತಭದ್ರರ ಗುಟ್ಟು ಬಯಲಾಗುತ್ತಿರಲಿಲ್ಲ. ಅನ್ನ ಎದುರಿಗಿತ್ತು, ಬಾಗಿಲು ಮುಚ್ಚಿತ್ತು, ಕೇಳುವವರಿರಲಿಲ್ಲ. ಪೂರ್ತಿ ಉಣ್ಣುವುದಕ್ಕೆ ಪ್ರಾಣಭಯದಷ್ಟು ದೊಡ್ಡ ಕಾರಣವೂ ಇತ್ತು. ಆದರೂ ಹಸಿವು ನಿಂತಲ್ಲಿ ಕೈ ನಿಂತಿತು. ಕಥೆಗಾರರು ಇದನ್ನು ಗುಣವೆಂದು ಎತ್ತಿ ಹೇಳಿಲ್ಲ, ಕಥೆ ಮುಂದುವರಿಯಲು ಬೇಕಾದ ಒಂದು ಸಂಗತಿಯೆಂದು ಹೇಳಿ ದಾಟಿದ್ದಾರೆ. ರೋಗ ವಾಸಿಯಾದದ್ದಕ್ಕೆ ಕಥೆ ಕೊಡುವ ಕುರುಹು ಮಾತ್ರ ನೆನಪಿಡತಕ್ಕದ್ದು: ತಟ್ಟೆಯಲ್ಲಿ ಉಳಿದ ಅನ್ನ. ಗುರುಗಳ ನಿರ್ಣಯವೂ ಅಷ್ಟೇ ಅರ್ಥಪೂರ್ಣ. ನಿಜವಾದ ಹಸಿವಿಗೆ ಅವರು ವ್ರತವನ್ನೇ ಬಿಡಿಸಿ ಅನ್ನ ಕೊಡಿಸಿದರು. ಹಸಿದ ದೇಹವನ್ನು ದಂಡಿಸುವುದೇ ಜೈನಧರ್ಮವೆಂದು ತಿಳಿದವರಿಗೆ ಈ ಒಂದು ಪ್ರಸಂಗ ಸಾಕಾದ ಉತ್ತರ.

ಈ ಕಥೆ ಇತಿಹಾಸವೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರದು. ಸಮಂತಭದ್ರರ ಹೆಸರಿನ ರತ್ನಕರಂಡಕ ಶ್ರಾವಕಾಚಾರವಂತೂ ಕೈಯಲ್ಲಿದೆ, ಮತ್ತು ಅದರಲ್ಲಿ ಗೃಹಸ್ಥನಿಗೆ ಹೇಳಿರುವ ಮಾರ್ಗ ಅಚ್ಚರಿಯೆನಿಸುವಷ್ಟು ಸುಲಭವಾಗಿದೆ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನು ವಿವರಿಸುತ್ತ ಆಚಾರ್ಯರು ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಸಂಗೀತ ಮೊದಲಾದವುಗಳನ್ನು ಹೆಸರಿಸಿ, ಇಂದು ಒಂದು ದಿನ, ಇಂದಿನ ಹಗಲು, ಇಂದಿನ ರಾತ್ರಿ, ಪಕ್ಷ, ತಿಂಗಳು, ಋತು, ಅಯನ ಎಂದು ಕಾಲದ ಮಿತಿಯಿಟ್ಟು ಬಿಡಬಹುದೆಂದು ಹೇಳುತ್ತಾರೆ. ಕಾಲಮಿತಿಯುಳ್ಳದ್ದು ನಿಯಮ, ಆಜೀವ ಪರ್ಯಂತದ್ದು ಯಮ. ಯಮಕ್ಕೆ ಸಿಗುವ ಗೌರವ ನಿಯಮಕ್ಕೆ ಸಮಾಜದಲ್ಲಿ ಸಿಕ್ಕಿಲ್ಲ. ಜೀವನವಿಡೀ ಸಿಹಿ ಬಿಟ್ಟೆನೆಂದು ಮುನಿಗಳ ಎದುರು ಪ್ರತಿಜ್ಞೆ ಮಾಡಿ ಮೂರನೆಯ ತಿಂಗಳು ಪೇಚಾಡುವವರಿದ್ದಾರೆ. ಇಂದು ಸಂಜೆ ನಾಲ್ಕರ ತಿಂಡಿ ಇಲ್ಲ ಎಂಬ ನಿಯಮ ಒಂದು ಹಗಲಿನದು; ನಾಳೆ ಮತ್ತೆ ಬೇಕಾದರೆ ತೆಗೆದುಕೊಳ್ಳಬಹುದು. ರೂಢಿಯನ್ನು ಮುರಿಯುವ ಕೆಲಸಕ್ಕೆ ಒದಗುವುದು ಈ ಸಣ್ಣ ಅಳತೆಯೇ, ಏಕೆಂದರೆ ರೂಢಿ ಕಟ್ಟಿಕೊಂಡದ್ದೂ ಒಂದೊಂದೇ ಸಂಜೆಯಾಗಿ.

ಹಸಿವಿಲ್ಲದ ಊಟ ಕೇವಲ ಆರೋಗ್ಯದ ಪ್ರಶ್ನೆಯೆಂದು ಕೈತೊಳೆದುಕೊಳ್ಳಲೂ ಬರುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅನರ್ಥದಂಡ ವಿರತಿಯ ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ ಬರುವುದು ಉಪಭೋಗ ಪರಿಭೋಗ ಆನರ್ಥಕ್ಯ: ಅಗತ್ಯಕ್ಕಿಂತ ಹೆಚ್ಚಿನ ಭೋಗಸಾಮಗ್ರಿ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದ ಹಿಂಸೆ. ಒಂದು ರೊಟ್ಟಿಯ ಹಿಂದೆ ಉತ್ತ ನೆಲ, ಬಳಸಿದ ನೀರು, ಉರಿದ ಬೆಂಕಿ, ಅವುಗಳಲ್ಲಿಯ ಏಕೇಂದ್ರಿಯ ಜೀವಗಳು, ನೇಗಿಲ ಬಾಯಿಗೆ ಸಿಕ್ಕ ಹುಳಹುಪ್ಪಡಿ ಇವೆ. ಹಸಿದವನ ಮಟ್ಟಿಗೆ ಈ ಹಿಂಸೆ ಗೃಹಸ್ಥಜೀವನದಲ್ಲಿ ಬಿಡಲಾಗದ ಆರಂಭ. ಹಸಿವಿಲ್ಲದವನು ಉಂಡ ಅದೇ ರೊಟ್ಟಿಗೆ ಆ ಸಮರ್ಥನೆ ಇಲ್ಲ. ಅಭಕ್ಷ್ಯದ ಯಾದಿಯನ್ನು ಬಾಯಿಪಾಠವಾಗಿ ಬಲ್ಲ ಮನೆಗಳು ಈ ಲೆಕ್ಕವನ್ನು ಮಾಡುವುದು ವಿರಳ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಹೊಸ್ತಿಲು ದಾಟುವುದಿಲ್ಲ; ಆದರೆ ಭಕ್ಷ್ಯವಾದದ್ದನ್ನು ಎಷ್ಟು ಬೇಕಾದರೂ ಉಣ್ಣಬಹುದೆಂಬ ತಿಳಿವಳಿಕೆ ಅದೇ ಮನೆಯಲ್ಲಿ ನಿಶ್ಚಿಂತೆಯಿಂದ ಕುಳಿತಿರುತ್ತದೆ. ಏನು ಎಂಬ ಪ್ರಶ್ನೆಯನ್ನು ಇಷ್ಟು ಸೂಕ್ಷ್ಮವಾಗಿ ಕೇಳಿದ ಸಮಾಜ ಎಷ್ಟು ಎಂಬುದನ್ನೂ ಯಾವಾಗ ಎಂಬುದನ್ನೂ ಗಡಿಯಾರಕ್ಕೆ ಮತ್ತು ಬಡಿಸುವವರಿಗೆ ಒಪ್ಪಿಸಿಬಿಟ್ಟಿದೆ.

ಗಡಿಯಾರದ ಮಾತು ಬಂದದ್ದರಿಂದ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ರಾತ್ರಿಭೋಜನ ತ್ಯಾಗವು ಜೈನ ಮನೆಯ ಗುರುತು. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುವ ಕಟ್ಟುನಿಟ್ಟಿನವರಿದ್ದಾರೆ. ಅವರ ನಿಷ್ಠೆ ವಂದ್ಯ. ಆದರೆ ಈ ನಿಯಮದ ನೆರಳಿನಲ್ಲೇ ಹಸಿವಿಲ್ಲದ ಊಟದ ಒಂದು ದೊಡ್ಡ ರೂಢಿ ಬೆಳೆದಿದೆ. ಮಧ್ಯಾಹ್ನ ಎರಡಕ್ಕೆ ಉಂಡು, ನಾಲ್ಕಕ್ಕೆ ತಿಂಡಿ ತಿಂದು, ಐದೂವರೆಗೆ ‘ಹೊತ್ತು ಮುಳುಗಿದರೆ ಆಗುವುದಿಲ್ಲ’ ಎಂದು ಮತ್ತೆ ತಟ್ಟೆಯ ಮುಂದೆ ಕೂಡುವುದು. ಆಗ ಹೊಟ್ಟೆಯಲ್ಲಿ ಹಸಿವಿಲ್ಲ. ರಾತ್ರಿ ಹತ್ತಕ್ಕೆ ಹಸಿದರೆ ಏನು ಗತಿಯೆಂಬ ಹೆದರಿಕೆ ಮಾತ್ರ ಇದೆ. ಆಹಾರ ಸಂಜ್ಞೆಯೊಡನೆ ಭಯ ಸಂಜ್ಞೆಯೂ ಕೂಡಿಕೊಂಡ ಊಟ ಅದು. ಶಾಸ್ತ್ರ ರಾತ್ರಿ ಉಣ್ಣಬಾರದೆಂದಿತೇ ಹೊರತು ಸಂಜೆ ಉಣ್ಣಲೇಬೇಕೆಂದು ಎಲ್ಲಿಯೂ ವಿಧಿಸಿಲ್ಲ. ನಾಲ್ಕರ ತಿಂಡಿಯನ್ನು ಬಿಟ್ಟವನಿಗೆ ಐದೂವರೆಯ ಊಟ ಹಸಿವಿನ ಊಟವಾಗುತ್ತದೆ. ತಿಂಡಿ ತಿಂದವನು ಸಂಜೆಯ ಊಟವನ್ನು ಬಿಟ್ಟರೆ ಅವನ ವ್ರತಕ್ಕೆ ಯಾವ ಊನವೂ ಇಲ್ಲ.

ಪಾರಣೆಯದೂ ಇದೇ ಬಗೆಯ ಕಥೆ. ಸಮಂತಭದ್ರರು ನಾಲ್ಕು ಬಗೆಯ ಆಹಾರವನ್ನು ಬಿಡುವುದನ್ನು ಉಪವಾಸವೆಂದೂ ಒಮ್ಮೆ ಮಾತ್ರ ಉಣ್ಣುವುದನ್ನು ಪ್ರೋಷಧವೆಂದೂ ಬೇರೆಬೇರೆಯಾಗಿ ಹೇಳಿದ್ದಾರೆ. ಉಪವಾಸದ ಹಿಂದುಮುಂದಿನ ದಿನಗಳು ಒಪ್ಪೊತ್ತಿನವು. ರೂಢಿಯಲ್ಲಿ ಹಿಂದಿನ ದಿನ ‘ನಾಳೆ ಉಪವಾಸ’ ಎಂದು ಎರಡು ಹೋಳಿಗೆ ಹೆಚ್ಚು, ಮರುದಿನ ‘ನಿನ್ನೆ ಉಪವಾಸ’ ಎಂದು ಹುಗ್ಗಿ ತುಪ್ಪ. ನಡುವಿನ ಒಂದು ದಿನದ ನಿರಾಹಾರ ಎರಡು ಹಬ್ಬಗಳ ನಡುವಿನ ವಿಶ್ರಾಂತಿಯಾಗಿ ನಿಲ್ಲುತ್ತದೆ.

ಮನೆಯ ಒಳಗೆ, ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಊಟವಿದೆ. ಎಲ್ಲರೂ ಎದ್ದ ಮೇಲೆ ಅಡಿಗೆಮನೆಯಲ್ಲಿ ಕುಳಿತ ತಾಯಿ ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿ, ತಳದಲ್ಲಿ ಉಳಿದ ಎರಡು ಸೌಟು ಬೇಳೆ, ಸಂಜೆಗೆ ಇಡಲು ಬಾರದ ಪಲ್ಯ ಇವನ್ನು ಚೆಲ್ಲಲಾರದೆ ಉಣ್ಣುತ್ತಾಳೆ. ಅವಳಿಗೆ ಹಸಿವು ಎಂದೋ ತೀರಿರುತ್ತದೆ. ಚೆಲ್ಲಿದರೆ ಅನ್ನಕ್ಕೆ ಅಪಚಾರ. ಇಟ್ಟರೆ ಮರ್ಯಾದೆ ಮೀರಿ ಜೀವೋತ್ಪತ್ತಿ. ಉಂಡರೆ ತನ್ನ ದೇಹಕ್ಕೆ ಭಾರ. ಮೂರು ದೋಷಗಳಲ್ಲಿ ಅವಳು ತನಗೆ ಮಾತ್ರ ತಗಲುವುದನ್ನು ಆರಿಸಿಕೊಳ್ಳುತ್ತಾಳೆ. ಇದನ್ನು ಜಿಹ್ವಾಲೋಲುಪತೆಯೆಂದು ಕರೆಯುವುದು ಕ್ರೂರವಾದೀತು. ಅವಮೌದರ್ಯದ ಪ್ರವಚನವನ್ನು ಇವಳ ಎದುರು ಮಾಡಿ ಪ್ರಯೋಜನವಿಲ್ಲ. ದೋಷ ನಡೆದದ್ದು ಅವಳು ಕೂಡುವುದಕ್ಕೆ ಒಂದು ತಾಸು ಮೊದಲು: ಮಗನ ತಟ್ಟೆಗೆ ಕೇಳದೆ ಎರಡನೆಯ ರೊಟ್ಟಿ ಬಿದ್ದಾಗ, ‘ಇರಲಿ, ಹೆಚ್ಚಾದರೆ ಆಗಲಿ’ ಎಂದು ಗಂಡನ ಮನೆಯವರು ಹಿಟ್ಟನ್ನು ಅಳೆಯಿಸಿದಾಗ. ಒಬ್ಬರ ಹಸಿವಿಲ್ಲದ ಊಟ ಅನೇಕ ಸಲ ಇನ್ನೊಬ್ಬರ ಅಳತೆಯಿಲ್ಲದ ಕೈಯಿಂದ ಹುಟ್ಟುತ್ತದೆ. ಆದ್ದರಿಂದ ಇದು ಒಬ್ಬೊಬ್ಬರ ನಾಲಿಗೆಯ ವಿಷಯವಷ್ಟೇ ಅಲ್ಲ, ಮನೆಯೆಲ್ಲದರ ವ್ರತ.

ಕನ್ನಡ ಸಾಹಿತ್ಯದಲ್ಲಿ ಈ ತಪಕ್ಕೆ ಒಂದು ದೊಡ್ಡ ಕಥೆಯೇ ಮೀಸಲಾಗಿದೆ ಎಂಬುದು ಬಹಳ ಮಂದಿಗೆ ಹೊಳೆದಿರುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಒಂದೊಂದೂ ಭಗವತೀ ಆರಾಧನೆಯ ಪರಂಪರೆಯ ಒಂದೊಂದು ಗಾಥೆಗೆ ಹೆಣೆದವು. ಅವುಗಳಲ್ಲಿ ಭದ್ರಬಾಹು ಭಟಾರರ ಕಥೆಗೆ ಆಧಾರವಾದ ಗಾಥೆ ಹೇಳುವುದು ದಕ್ಷಿಣದ ಪಯಣವನ್ನಲ್ಲ, ಚಂದ್ರಗುಪ್ತನ ದೀಕ್ಷೆಯನ್ನಲ್ಲ. ಘೋರವಾದ ಅವಮೌದರ್ಯದಲ್ಲಿಯೂ ಕದಡದ ಚಿತ್ತದಿಂದ ಭದ್ರಬಾಹುಗಳು ಉತ್ತಮ ಸ್ಥಾನವನ್ನು ಪಡೆದದ್ದನ್ನು. ಕರ್ನಾಟಕದ ಜೈನರು ತಮ್ಮ ನಾಡಿನ ಮೂಲಕಥೆಯೆಂದು ನೆನೆಯುವ ಈ ವೃತ್ತಾಂತ ಗ್ರಂಥದಲ್ಲಿ ನಿಂತಿರುವುದು ಕಡಿಮೆ ಉಣ್ಣುವ ತಪದ ದೃಷ್ಟಾಂತವಾಗಿ. ಶತಮಾನಗಳು ಕಳೆದಂತೆ ಓದುಗರ ಕಣ್ಣು ಕಳ್ಬಪ್ಪು ಬೆಟ್ಟದ ಮೇಲೆ ನೆಟ್ಟು, ಹೊಟ್ಟೆಯ ಮಾತು ಹಿಂದೆ ಸರಿಯಿತು. ಚರಿತ್ರಕಾರರು ಅದರಲ್ಲಿ ವಲಸೆಯನ್ನು ಹುಡುಕಿದರು, ಸಂಪ್ರದಾಯಸ್ಥರು ಸಂಘಭೇದವನ್ನು ಹುಡುಕಿದರು. ಎರಡೂ ನ್ಯಾಯವೇ. ಆದರೂ ಕಥೆಯನ್ನು ಅದರ ಗಾಥೆಯಿಂದ ಬಿಡಿಸಿ ಓದಿದ್ದರಿಂದ ನಷ್ಟವಾಗಿದೆ.

ಹನ್ನೆರಡು ವರ್ಷದ ಕ್ಷಾಮವೇ ಕಥೆಯ ಹಿನ್ನೆಲೆ. ಕಾಡಿನಲ್ಲಿ ಗುರುಸೇವೆಗೆ ನಿಂತ ಚಂದ್ರಗುಪ್ತ ಮುನಿ ಗುರುವಿನ ಅಪ್ಪಣೆಯಂತೆ ಕಾಂತಾರ ಭಿಕ್ಷೆಗೆ ಹೊರಟ ಪ್ರಸಂಗ ಈ ಕಥಾಪರಂಪರೆಯ ಅತ್ಯಂತ ಸುಂದರವಾದ ಭಾಗ. ಮರದ ಮರೆಯಿಂದ ಬಳೆ ತೊಟ್ಟ ಕೈಯೊಂದು ಆಹಾರವನ್ನು ನೀಡುತ್ತದೆ. ಕೊಡುವವರು ಕಾಣುವುದಿಲ್ಲ. ಹಸಿದ ಮುನಿ ಹಿಂದಿರುಗುತ್ತಾನೆ. ಮತ್ತೊಂದು ದಿನ ಒಂಟಿ ಹೆಣ್ಣೊಬ್ಬಳು ಕಾಣುತ್ತಾಳೆ. ಅದೂ ಕ್ರಮವಲ್ಲವೆಂದು ಹಿಂದಿರುಗುತ್ತಾನೆ. ಪ್ರತಿಸಲವೂ ಗುರುವಿಗೆ ನಡೆದದ್ದನ್ನು ಹೇಳುತ್ತಾನೆ. ಇಲ್ಲಿ ಹಸಿವು ಇದೆ, ಅನ್ನವೂ ಇದೆ. ಆದರೆ ಎರಡರ ನಡುವೆ ವಿವೇಕ ನಿಂತಿದೆ. ಉಣ್ಣಬೇಕೆಂಬ ಬಯಕೆಗೂ ಉಣ್ಣುವ ಕ್ರಿಯೆಗೂ ನಡುವೆ ಒಂದು ಗಳಿಗೆ ನಿಂತು ‘ಇದು ಸಲ್ಲುವುದೇ’ ಎಂದು ಕೇಳಿಕೊಳ್ಳುವ ಆ ಬಿಡುವೇ ಕಥೆಯ ಜೀವ. ಮುನಿಯ ಪ್ರಶ್ನೆ ಆಹಾರದ ಶುದ್ಧಿಯನ್ನು ಕುರಿತದ್ದು. ಗೃಹಸ್ಥನಿಗೆ ಅಷ್ಟು ಬೇಕಿಲ್ಲ. ಅವನ ಪ್ರಶ್ನೆ ಇನ್ನೂ ಸರಳ: ಹಸಿವಿದೆಯೇ? ಕ್ಷಾಮದ ನಡುವೆ, ನಿಜವಾದ ಹಸಿವಿನಲ್ಲಿ ಒಬ್ಬನು ಹಿಂದಿರುಗಿದ ಕಥೆಯನ್ನು ಕೇಳಿ ತಲೆದೂಗಿದ ಸಭೆ, ಪ್ರವಚನ ಮುಗಿದೊಡನೆ ಹಸಿವಿಲ್ಲದೆ ಪಂಕ್ತಿಗೆ ಓಡುವುದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಈ ವಿಚಾರಕ್ಕೆ ಎರಡು ಆಕ್ಷೇಪಗಳು ಬರಬಹುದು. ಮುಪ್ಪಿನವರು, ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ಸಕ್ಕರೆ ರೋಗಕ್ಕೆ ಔಷಧ ತೆಗೆದುಕೊಳ್ಳುವವರು ಹಸಿವನ್ನೇ ಪ್ರಮಾಣವಾಗಿ ಹಿಡಿದರೆ ಅಪಾಯವಲ್ಲವೇ ಎಂಬುದು ಒಂದು. ಅಪಾಯವೇ ಸರಿ. ಔಷಧದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕಾದವನಿಗೆ ವೈದ್ಯರ ಮಾತೇ ನಿಯಮ. ಮುಪ್ಪಿನಲ್ಲಿ ಹಸಿವು ತಾನಾಗಿ ಕುಂದಿದರೆ ಅದು ಚಿಕಿತ್ಸೆಯ ವಿಷಯ, ತಪವಲ್ಲ. ಭಸ್ಮಕದ ಕಥೆಯ ಗುರು ಹೇಳಿಕೊಟ್ಟದ್ದೂ ಇದನ್ನೇ. ಮದುವೆಗೆ ಬಂದ ಹುಡುಗಿ ದೇಹಕ್ಕೆ ಹೆದರಿ ಹಸಿವನ್ನು ಅದುಮುವುದಕ್ಕೂ ಅವಮೌದರ್ಯಕ್ಕೂ ಸಂಬಂಧವಿಲ್ಲ. ಅಲ್ಲಿ ತುತ್ತು ಕಡಿಮೆಯಾದರೂ ಚಿತ್ತ ಇಡೀ ದಿನ ಆಹಾರದಲ್ಲೇ ಇರುತ್ತದೆ. ಬೇಡವೆಂದರೆ ಉಣಿಸುವವರ ಮನಸ್ಸು ನೋಯುವುದಿಲ್ಲವೇ, ಅದೂ ಹಿಂಸೆಯಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ಇನ್ನೂ ಗಟ್ಟಿಯಾದದ್ದು. ನೋಯುತ್ತದೆ. ಆದರೆ ಆ ನೋವಿಗೆ ಮೂಲ ಬೇಡವೆಂದ ಮಾತಿನಲ್ಲಿಲ್ಲ. ಪ್ರೀತಿಯನ್ನು ರೊಟ್ಟಿಯ ಎಣಿಕೆಯಲ್ಲಿ ಅಳೆಯುವ ರೂಢಿಯಲ್ಲಿದೆ. ಆ ಅಳತೆಯನ್ನು ಅತಿಥಿಯೊಬ್ಬನೇ ಬದಲಾಯಿಸಲಾರ, ಮನೆಯವರು ಬದಲಾಯಿಸಬಲ್ಲರು. ಬಂದವರಿಗೆ ಇಂಡಿಯ ಲಿಂಬೆಯ ಒಂದು ಲೋಟ ಶರಬತ್ತು ಕೊಟ್ಟು, ‘ಊಟ ಆಗೇತೋ, ಆಗಬೇಕೋ?’ ಎಂದು ಕೇಳಿ, ಬಂದ ಉತ್ತರವನ್ನು ನಂಬಿದರೆ ಆದರದಲ್ಲಿ ಏನೂ ಕೊರತೆಯಾಗುವುದಿಲ್ಲ. ಕಷ್ಟವಿರುವುದು ಕೇಳುವುದರಲ್ಲಲ್ಲ, ನಂಬುವುದರಲ್ಲಿ.

ಮನೆಗಿಂತ ಬಸದಿಯ ಟ್ರಸ್ಟಿಗೆ ಈ ಕೆಲಸ ಸುಲಭ. ಪಂಚಕಲ್ಯಾಣವಿರಲಿ, ನೋಂಪಿಯ ಉದ್ಯಾಪನೆಯಿರಲಿ, ಭೋಜನದ ಮಟ್ಟವನ್ನು ಗೊತ್ತುಮಾಡುವವರು ವಿಶ್ವಸ್ಥರು. ಸದ್ಯ ಸಮಾರಂಭದ ಕೀರ್ತಿ ಎಷ್ಟು ಬಗೆಯ ಸಿಹಿ ಎಂಬುದರ ಮೇಲೆ ನಿಂತಿದೆ. ಹಿಂದಿನ ವರ್ಷದ ಊರಿನವರು ಮೂರು ಮಾಡಿದ್ದರೆ ಈ ವರ್ಷದವರಿಗೆ ನಾಲ್ಕು ಮಾಡದೆ ಗತಿಯಿಲ್ಲ. ಬಡಿಸುವ ತರುಣರು ಉತ್ಸಾಹದಿಂದ ಓಡಾಡುತ್ತಾರೆ; ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿದವನು ಚತುರನೆನಿಸುತ್ತಾನೆ. ಆ ಕೈಯನ್ನು ಮಾತೆಂದು ತಿಳಿಯಬೇಕೆಂದು ಬಡಿಸುವವರಿಗೆ ಮೊದಲೇ ಹೇಳಿಡಬಹುದು. ಮೊದಲ ಸುತ್ತಿಗೆ ಅರ್ಧ ರೊಟ್ಟಿ, ಚಿಕ್ಕ ಸೌಟು. ಎರಡನೆಯ ಸುತ್ತು ಕರೆದವರಿಗೆ ಮಾತ್ರ. ಉಪವಾಸದವರ ಯಾದಿಯನ್ನು ಓದುವ ಸಭೆಯಲ್ಲಿ ಆ ವರ್ಷ ಒಂದು ಸಿಹಿಯನ್ನು ಕಡಿಮೆ ಮಾಡಿದ ಸಂಗತಿಯನ್ನೂ ಓದಬಹುದು. ಲೆಕ್ಕ ಬರೆಯುವವರಿಗೆ ಇದರ ಪರಿಣಾಮ ಬೇಗ ಕಾಣುತ್ತದೆ. ಬೇಯಿಸಿದ್ದು ಮರುದಿನಕ್ಕೆ ಇಡಲು ಬಾರದು. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನದ ಮರ್ಯಾದೆ. ಬೀಸದೆ ಉಳಿದ ಜೋಳ ಚೀಲದಲ್ಲೇ ಇರುತ್ತದೆ. ಮುದ್ದೇಬಿಹಾಳದ ಕಡೆಯಾಗಲಿ ಸಿಂದಗಿಯ ಕಡೆಯಾಗಲಿ ಮಳೆ ತಪ್ಪಿದ ವರ್ಷ ಅದನ್ನು ಯಾವ ಓಣಿಗೆ ಕಳಿಸಬೇಕೆಂಬುದು ವಿಶ್ವಸ್ಥರಿಗೆ ಚೆನ್ನಾಗಿ ಗೊತ್ತಿರುತ್ತದೆ.